ತುಕ್ಕು ಮನೆಮಾಡುವ ಜಾಗ

ತುಕ್ಕನ್ನು ಹುಡುಕುವುದಾದರೆ ಓರೆ ಬಿಸಿಲಿನಲ್ಲಿ ಹುಡುಕಬೇಕು. ನಡುಹಗಲಿನಲ್ಲಿ ನುಣುಪಾಗಿ ಕಾಣುವ ಬಣ್ಣದ ಮೇಲೆ ಬೆಳಗಿನ ಎಳೆಬಿಸಿಲು ಬಿದ್ದರೆ ಒಂದೊಂದು ಉಬ್ಬಿಗೂ ಒಂದೊಂದು ನೆರಳು ಮೂಡುತ್ತದೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಗೆಳೆಯರೊಬ್ಬರ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹಸಿರು ಎಂಜಿಬಿ ಕಾರನ್ನು ನಾನು ಹೀಗೆ ನೋಡತೊಡಗಿದ್ದು ಎಲೆ ಉದುರುವ ಕಾಲದಲ್ಲಿ. ಹಿಂದಿನ ಚಕ್ರದ ಮುಂದೆ, ಬಾಗಿಲು ಮುಗಿಯುವ ಕೆಳಮೂಲೆಯಲ್ಲಿ ಸಾಸಿವೆ ಗಾತ್ರದ ಕೆಲವು ಗುಳ್ಳೆಗಳಿದ್ದವು. ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟೆವು. ಚಳಿಗಾಲ ಕಳೆಯುವಷ್ಟರಲ್ಲಿ ಗುಳ್ಳೆಗಳು ಗೆರೆ ದಾಟಿದ್ದವು.

ಎಂಜಿಬಿ ಅದೇ ಸೀಮೆಯ ಅಬಿಂಗ್ಡನ್ ಊರಿನ ಕಾರ್ಖಾನೆಯ ಕೂಸು. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಅದಕ್ಕೂ ಮುಂಚಿನ ಎಂಜಿಎಗೆ ಬೇರೆಯೇ ಚಾಸಿಸ್ ಇತ್ತು, ಇದಕ್ಕಿಲ್ಲ. ತಗಡುಗಳನ್ನು ಮಡಚಿ ಬೆಸೆದ ಮೈಯೇ ಇದರ ಎಲುಬು. ಮೇಲ್ಛಾವಣಿಯಿಲ್ಲದ ರೋಡ್‌ಸ್ಟರ್ ಮಾದರಿಯಲ್ಲಂತೂ ಕಾರಿನ ಹಿಂದುಮುಂದುಗಳನ್ನು ಹಿಡಿದಿಡುವ ಭಾರ ಬಹುಪಾಲು ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್‌ಗಳದ್ದು. ಹೊರಗೆ ಒಂದೇ ಪಟ್ಟಿಯಂತೆ ಕಂಡರೂ ಒಳಗೆ ಹೊರ ಸಿಲ್, ನಡುವಿನ ನೇರ ತಗಡು, ಒಳ ಸಿಲ್, ತಳದಲ್ಲಿ ಕ್ಯಾಸಲ್ ರೈಲ್ ಎಂಬ ಇನ್ನೊಂದು ತೊಲೆ, ಎಲ್ಲವೂ ಸೇರಿ ಬೆಳಕು ಬೀಳದ ಉದ್ದುದ್ದ ಗೂಡುಗಳಾಗಿವೆ. ಅಲ್ಲಿ ಬಿದ್ದ ತುಕ್ಕು ಕಾರಿನ ಅಂದ ಕೆಡಿಸುವುದಕ್ಕೆ ಮುಂಚೆ ಅದರ ಬಲ ತಿನ್ನುತ್ತದೆ.

ಮುಂದಿನ ಮಡ್‌ಗಾರ್ಡ್ ಬೋಲ್ಟುಗಳ ಮೇಲೆ ನಿಂತಿರುವುದರಿಂದ ಕಳಚಬಹುದು. ಕಳಚಿದ ದಿನ ನಾನು ಸ್ಪ್ಯಾನರ್ ಬಿಟ್ಟು ಭೂತಗನ್ನಡಿ ಹಿಡಿದೆ. ಚಕ್ರ ಎರಚುವ ಕೆಸರನ್ನು ತಡೆಯಲು ಒಳಗೊಂದು ತಗಡಿನ ತಡೆ, ಅದರ ಅಂಚಿಗೆ ರಬ್ಬರ್ ಪಟ್ಟಿ ಇರುತ್ತದೆ. ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ಕೆಸರು ಒಳಗೆ ನುಗ್ಗಿ ಸಿಲ್ಲಿನ ಮುಂತುದಿಯ ಮೇಲೆ ಕೂರುತ್ತದೆ. ಅಲ್ಲಿ ಬೊಗಸೆಗಟ್ಟಲೆ ಕಪ್ಪು ಮಣ್ಣು, ಓಕ್ ಎಲೆಯ ಚೂರು, ಖಾಲಿ ಬಸವನಹುಳದ ಚಿಪ್ಪು, ಒಂದು ಅಂಚಿನಲ್ಲಿ ಹಾವಸೆ. ಮಣ್ಣು ಕೆದಕಿದಾಗ ವುಡ್‌ಲೌಸ್‌ಗಳು ಹೊರಬಂದವು. ಇವು ಏಡಿ, ಸೀಗಡಿಗಳ ಬಳಗದವು; ನೆಲದ ಮೇಲೆ ಬಾಳಿದರೂ ಉಸಿರಾಟದ ಅಂಗಗಳಿಗೆ ತೇವ ಬೇಕೇ ಬೇಕು, ಒಣ ಜಾಗದಲ್ಲಿ ಬದುಕುವುದಿಲ್ಲ. ಕಾರು ವಾರಗಟ್ಟಲೆ ಶೆಡ್ಡಿನೊಳಗೇ ಇತ್ತು. ಆದರೂ ಈ ಮೂಲೆ ಒಣಗಿರಲೇ ಇಲ್ಲ ಎಂಬುದಕ್ಕೆ ಆ ಪುಟ್ಟ ಜೀವಿಗಳಿಗಿಂತ ದೊಡ್ಡ ಸಾಕ್ಷಿ ನನಗೆ ಬೇಕಿರಲಿಲ್ಲ.

ಉಕ್ಕು ತುಕ್ಕಾಗಲು ನೀರೂ ಬೇಕು, ಆಮ್ಲಜನಕವೂ ಬೇಕು. ಆದರೆ ಅದು ಕರಗುವುದು ಗಾಳಿ ಹೆಚ್ಚು ಸಿಗುವ ಕಡೆಯಲ್ಲ, ಕಡಿಮೆ ಸಿಗುವ ಕಡೆ. ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಇದನ್ನು ಒಂದೇ ಹನಿ ಉಪ್ಪುನೀರಿನಲ್ಲಿ ತೋರಿಸಿಕೊಟ್ಟ ವಿಜ್ಞಾನಿ. ಬಣ್ಣ ಬದಲಿಸುವ ರಾಸಾಯನಿಕ ಬೆರೆಸಿದ ಹನಿಯನ್ನು ಉಕ್ಕಿನ ಮೇಲಿಟ್ಟರೆ ಕೊನೆಗೆ ಅಂಚು ಗುಲಾಬಿಯಾಗುತ್ತದೆ, ನಡುಭಾಗ ನೀಲಿಯಾಗುತ್ತದೆ. ಕಬ್ಬಿಣ ಕರಗುತ್ತಿರುವುದು ಆ ನೀಲಿಯ ಕೆಳಗೆ. ಗಾಳಿಯಾಡುವ ಅಂಚಿಗೂ ಉಸಿರುಗಟ್ಟಿದ ನಡುವಿಗೂ ಮಧ್ಯೆ ಸಣ್ಣ ವಿದ್ಯುತ್ ಹರಿವೊಂದು ನಡೆದಿರುತ್ತದೆ. ಮಡ್‌ಗಾರ್ಡಿನೊಳಗಿನ ಕೆಸರಿನಡಿಯಲ್ಲೂ, ಎರಡು ತಗಡು ಒಂದರ ಮೇಲೊಂದು ಕೂತ ಸಂದಿಯಲ್ಲೂ ನಡೆಯುವುದು ಇದೇ.

ಇದಕ್ಕೆ ಉಪ್ಪು ಸೇರಿದರೆ ಹರಿವು ಬಿರುಸಾಗುತ್ತದೆ. ಹಿಮ ಕಟ್ಟದಂತೆ ಬ್ರಿಟನ್ನಿನ ರಸ್ತೆಗಳಿಗೆ ಚಳಿಗಾಲದುದ್ದಕ್ಕೂ ಕಲ್ಲುಪ್ಪು ಚೆಲ್ಲುತ್ತಾರೆ. ಅದರಲ್ಲಿ ಬಹಳಷ್ಟು ಬರುವುದು ಚೆಷೈರಿನ ವಿನ್ಸ್‌ಫರ್ಡ್ ಗಣಿಯಿಂದ. ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ಬತ್ತಿಹೋದ ನೀರಿನ ಉಪ್ಪು ಇಂದು ಕಾರಿನ ಹೊಟ್ಟೆಯಡಿ ಮತ್ತೆ ಕರಗುತ್ತದೆ.

ಬಣ್ಣಗಳನ್ನೂ ಗಮನಿಸಿದೆ. ತುಕ್ಕೆಂದರೆ ಒಂದೇ ವಸ್ತುವಲ್ಲ, ಹಲವು ಖನಿಜಗಳ ಬೆರಕೆ. ಹೊಸದಾಗಿ ಮೂಡಿದ ಕಿತ್ತಳೆ ಪುಡಿಯಲ್ಲಿ ಲೆಪಿಡೊಕ್ರೊಸೈಟ್ ಹೆಚ್ಚು. ಅದೇ ಹಳತಾಗುತ್ತ ಕಂದು ಗೋಯೆಥೈಟ್ ಆಗುತ್ತದೆ. ಉಪ್ಪು ತುಂಬಿದ ಜಾಗದಲ್ಲಿ ಅಕಗನೈಟ್ ಹುಟ್ಟಿ ಕ್ಲೋರೈಡನ್ನು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಉಕ್ಕಿಗೆ ಅಂಟಿದ ಕಪ್ಪು ಪದರ ಮ್ಯಾಗ್ನೆಟೈಟ್. ಇವೆಲ್ಲ ತಾವು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತವೆ. ಸಿಲ್ಲಿನ ಕೆಳ ಅಂಚಿನಲ್ಲಿ ಬೆಸೆದ ತಗಡುಗಳ ನಡುವೆ ತುಕ್ಕು ಚಿರೋಟಿಯ ಪದರಗಳ ಹಾಗೆ ಎದ್ದು ಬೆಸುಗೆಯನ್ನೇ ಹರಿದುಹಾಕಿತ್ತು. ಹೊರಗಿನ ಬಣ್ಣ ಅಲ್ಲಿ ಇನ್ನೂ ಹೊಳೆಯುತ್ತಿತ್ತು. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೆ ಸತ್ತಿದ್ದು ದಬ್ ಎನ್ನುತ್ತದೆ. ಕಣ್ಣು ನಂಬಿದ್ದನ್ನು ಕಿವಿ ಅನೇಕ ಕಡೆ ಅಲ್ಲಗಳೆಯಿತು.

ರಿಪೇರಿಯೂ ಈ ನೋಟದಷ್ಟೇ ನಿಧಾನ. ಮೊದಲು ಕಾರನ್ನು ಸಮತಟ್ಟಾಗಿ, ಗಟ್ಟಿ ಜಾಗಗಳಲ್ಲಿ ಊರೆ ಕೊಟ್ಟು ನಿಲ್ಲಿಸಬೇಕು. ಬಾಗಿಲನ್ನು ಅದರ ಜಾಗದಲ್ಲೇ ಬಿಟ್ಟು ಸುತ್ತಲ ಸಂದನ್ನು ಅಳೆದು ಬರೆದಿಡಬೇಕು. ಬಾಗಿಲ ಚೌಕಕ್ಕೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬೆಸೆದ ಮೇಲೆಯೇ ಸಿಲ್ ಕತ್ತರಿಸಬೇಕು, ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಬಾರದು. ಆತುರಪಟ್ಟರೆ ನಡು ಕುಸಿದು, ಆ ಕುಸಿತವೇ ಹೊಸ ಬೆಸುಗೆಯಲ್ಲಿ ಶಾಶ್ವತವಾಗಿ ನಿಲ್ಲುತ್ತದೆ; ಆಮೇಲೆ ಬಾಗಿಲು ಹೊಂದುವುದಿಲ್ಲ. ಕತ್ತರಿಸುವಾಗ ತುಕ್ಕು ಮುಗಿದ ಗೆರೆಯಲ್ಲಿ ನಿಲ್ಲದೆ, ಪೂರ್ತಿ ದಪ್ಪದ ಬೆಳ್ಳಗಿನ ಉಕ್ಕು ಸಿಗುವ ತನಕ ಹಿಂದೆ ಸರಿಯಬೇಕು. ಮೈತಗಡಿನ ದಪ್ಪವೇ ಸುಮಾರು 1 ಮಿ.ಮೀ. ಅದರಲ್ಲಿ ಅರ್ಧ ಹೋಗಿದ್ದರೆ ವೆಲ್ಡಿಂಗ್ ಕಿಡಿಗೆ ತೂತು ಬೀಳುತ್ತದೆ. ಹಳೆಯ ಪುಟ್ಟಿಯೊಳಗೆ, ಕಾರ್ಖಾನೆಯ ಬೆಸುಗೆ ಸಂದುಗಳಲ್ಲಿ ಸೀಸವಿರಬಹುದು; ಉಜ್ಜುವಾಗ ಒಳ್ಳೆಯ ಮಾಸ್ಕ್ ಬೇಕು.

ಹೊಸ ತಗಡು ಸಿಗುತ್ತದೆಂಬುದು ಈ ಕಾರಿನ ಭಾಗ್ಯ. ವಿಟ್ನಿ ಊರಿನ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳಲ್ಲೇ ಭಾಗಗಳನ್ನು ಒತ್ತುತ್ತದೆ. ಎಂಜಿಬಿಯ ಇಡೀ ಮೈಯನ್ನೇ ಹೊಸದಾಗಿ ತಯಾರಿಸುವ ಕೆಲಸ 1988ರಲ್ಲಿ ಶುರುವಾಯಿತು. ಕೂಡಿಸುವ ಮುಂಚೆ ಸಂದಿಗೆ ಸತುವಿನ ಪ್ರೈಮರ್ ಬಳಿದು, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ ಬೆಸೆದು, ತಣಿಯಲು ಬಿಟ್ಟು ಮುಂದುವರಿಯಬೇಕು. ಒಂದೇ ಸಮನೆ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ.

ಕತ್ತರಿಸುವಷ್ಟು ಕೆಡದ, ಮೇಲುಮೇಲಿನ ತುಕ್ಕಿಗೆ ಟ್ಯಾನಿಕ್ ಆಮ್ಲದ ದ್ರಾವಣ ಹಚ್ಚಿದೆವು. ಕಿತ್ತಳೆ ಬಣ್ಣ ಕಣ್ಣೆದುರೇ ನೇರಳೆಗಪ್ಪಾಯಿತು. ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಹುಟ್ಟುವ ಈ ಕಪ್ಪು ನಮಗೆ ಹಳೆಯ ಪರಿಚಯ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಾಡುವ ಕಪ್ಪು ಕಲಂಕಾರಿ ಬಟ್ಟೆಗಳ ಗೆರೆಯಲ್ಲಿದೆ. ಯೂರೋಪಿನವರು ಓಕ್ ಮರದಲ್ಲಿ ಕಣಜಗಳು ಎಬ್ಬಿಸುವ ಗಂಟುಗಳಿಂದ ಇದೇ ಬಗೆಯ ಶಾಯಿ ಕಾಯಿಸಿ ಶತಮಾನಗಳ ಕಾಲ ಬರೆದರು. ಆದರೂ ತೂತು ಬಿದ್ದ ಸಿಲ್ಲನ್ನು ಯಾವ ದ್ರಾವಣವೂ ಉಳಿಸದು.

ಬೆಸುಗೆಯ ಕಾವಿಗೆ ಗೂಡಿನ ಒಳಮೈಯ ಪ್ರೈಮರ್ ಸುಟ್ಟುಹೋಗಿರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹೊರಗೆ ಬಣ್ಣ ಬಳಿದು ಮುಗಿಸಿದರೆ ಹೊಸ ಉಕ್ಕು ಒಳಗಿನಿಂದ ಬೆತ್ತಲೆಯಾಗಿಯೇ ಉಳಿಯುತ್ತದೆ. ಒಳಗು ಪೂರ್ತಿ ಒಣಗಿದ ಬೆಚ್ಚನೆಯ ದಿನ ಉದ್ದ ನಳಿಕೆಯಿಂದ ಮೇಣ ಚಿಮ್ಮಿಸಿ, ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿದಾಗಲೇ ಕೆಲಸ ಮುಗಿದಂತೆ. ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಕೊರೆಯುವ ಚಳಿಯ ಬೆನ್ನಿಗೆ ತೇವದ ಬೆಚ್ಚನೆ ಗಾಳಿ ಬೀಸಿದ ಬೆಳಿಗ್ಗೆ ಶೆಡ್ಡಿನೊಳಗಿನ ತಣ್ಣಗಿನ ಉಕ್ಕು ಬೆವರುವುದನ್ನು ಬೆರಳಿಟ್ಟು ನೋಡಿದ್ದೇನೆ. ಹೊದಿಕೆಯಡಿ ಆ ಬೆವರು ಆರುವುದಿಲ್ಲ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ದೊಡ್ಡ ಬದಲಾವಣೆ ಆಗಿರದ, 40 ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ಈಗ ಎಂಜಿಬಿಗಳೆಲ್ಲ ಆ ವಯಸ್ಸು ದಾಟಿವೆ. ಸಿಲ್ ತಟ್ಟಿ ನೋಡುವ ಪರೀಕ್ಷಕನಿಲ್ಲ ಎಂದ ಮೇಲೆ ಆ ಹೊಣೆ ಮಾಲೀಕನದೇ. ಕಾನೂನು ಕೇಳದಿದ್ದರೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದೇ ಸರಿ ಎಂದು ನಾನು ನಂಬುತ್ತೇನೆ.

ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿಯಲ್ಲಿ ಹಳೆಯ ಕಾರು ಸಾಕಿಕೊಂಡವರಿಗೂ ಇದೇ ಮಾತು. ಅಲ್ಲಿ ಉಪ್ಪು ರಸ್ತೆಯಿಂದ ಬಾರದೆ ಗಾಳಿಯಲ್ಲೇ ಬರುತ್ತದೆ. ಮುಂಗಾರಿಗೆ ಮುಂಚೆ ಬಾಗಿಲ ಕೆಳಗಿನ, ಸಿಲ್ಲಿನ ತಳದ ತೂತುಗಳನ್ನು ಹುಡುಕಿ ಬಿಡಿಸಿ, ಮಡ್‌ಗಾರ್ಡಿನೊಳಗಿನ ಮಣ್ಣನ್ನು ಸಿಹಿನೀರಿನಿಂದ ತೊಳೆದು ಒಣಗಲು ಬಿಡಿ. ಬಣ್ಣದ ಯೋಚನೆ ಆಮೇಲೆ.