ಅಂತರಿಕ್ಷದ ಉಗ್ರಾಣ, ನೆಲದ ಲೆಕ್ಕ

ಮಳೆಗಾಲ ಕಳೆದ ಮೇಲೆ ಸುರತ್ಕಲ್ಲಿನ ದೀಪಸ್ತಂಭದ ಬಳಿಯ ಕಡಲತಡಿಯಲ್ಲಿ ಸಂಜೆ ಕಳೆಯುವುದು ನಿವೃತ್ತನಾದ ನನ್ನ ರೂಢಿ. ಒಮ್ಮೆ ಹಾಗೆ ಕುಳಿತಿದ್ದಾಗ, ಮಿನುಗದ ಚುಕ್ಕಿಯೊಂದು ನಸುಗತ್ತಲ ಆಕಾಶವನ್ನು ನಿಧಾನವಾಗಿ ದಾಟಿಹೋಯಿತು. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ, ಸಾಮಾನ್ಯವಾಗಿ ಏಳು ಮಂದಿ ಅಲ್ಲಿ ವಾಸವಾಗಿರುತ್ತಾರೆ ಎಂದು ಪಕ್ಕದಲ್ಲಿದ್ದ ಹಿರಿಯರಿಗೆ ವಿವರಿಸಿದೆ. ಟ್ರಾಲ್ ಬೋಟಿನಲ್ಲಿ ಬಹುಕಾಲ ತಾಂಡೇಲರಾಗಿದ್ದವರು ಅವರು. ಅದರ ವೇಗವನ್ನಾಗಲಿ ವೆಚ್ಚವನ್ನಾಗಲಿ ಕೇಳಲಿಲ್ಲ. ‘ಅಲ್ಲ ಮಾರಾಯ್ರೆ, ಅವರಿಗೆ ಅಕ್ಕಿ, ನೀರು ಮುಟ್ಟಿಸುವುದು ಯಾರು?’ ಎಂದರು.

ಆಹಾರ ಮತ್ತು ನಾಗರಿಕ ಸರಬರಾಜಿನ ಕೆಲಸದಲ್ಲಿ ಕೆಲವು ವರ್ಷ ಸವೆಸಿದ ನನಗೆ ಇದಕ್ಕಿಂತ ಸಮಂಜಸವಾದ ಪ್ರಶ್ನೆ ತೋಚಲಿಲ್ಲ.

2000ದ ನವೆಂಬರ್ 2ರಿಂದ ಆ ನಿಲ್ದಾಣ ಒಂದು ದಿನವೂ ಬರಿದಾಗಿಲ್ಲ. ಒಬ್ಬ ಯಾತ್ರಿಗೆ ದಿನವೊಂದಕ್ಕೆ, ಪೊಟ್ಟಣದ ತೂಕವೂ ಸೇರಿ, ಎರಡು ಕಿಲೋಗ್ರಾಮಿಗೆ ತುಸು ಕಡಿಮೆ ಆಹಾರ ಬೇಕು. ಅಷ್ಟನ್ನೂ ಸರಕು ನೌಕೆಗಳೇ ಹೊತ್ತೊಯ್ಯಬೇಕು. ಬ್ರೆಡ್ಡಿನ ಪುಡಿ ತೇಲಿ ಕಣ್ಣಿಗೂ ಯಂತ್ರಕ್ಕೂ ಸೇರೀತೆಂಬ ಭಯದಿಂದ, ಅದರ ಬದಲು ನಮ್ಮ ಚಪಾತಿಯ ಬಂಧುವಾದ ಟೋರ್ಟಿಯಾ ಬಳಸುತ್ತಾರೆ. ಉಪ್ಪು, ಕಾಳುಮೆಣಸುಗಳು ದ್ರವರೂಪದಲ್ಲಿರುತ್ತವೆ. ಬಟ್ಟೆ ಒಗೆಯುವ ವ್ಯವಸ್ಥೆಯಿಲ್ಲ; ತೊಟ್ಟು ಹಳತಾದದ್ದು ಕಸಕ್ಕೆ. ಖಾಲಿಯಾದ ಸರಕು ನೌಕೆಗಳಲ್ಲಿ ಹಲವಕ್ಕೆ ಆ ಕಸವನ್ನು ತುಂಬಿ ಕಳುಹಿಸುತ್ತಾರೆ, ಅವು ವಾತಾವರಣವನ್ನು ಹೊಕ್ಕು ಉರಿದುಹೋಗುತ್ತವೆ.

ಈ ಉಗ್ರಾಣದ ಕಥೆಯಲ್ಲಿ ಕನ್ನಡ ನಾಡಿನ ಪಾಲೂ ಇದೆ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಸೋವಿಯತ್ ಒಕ್ಕೂಟದ ಸಲ್ಯೂತ್-7 ನಿಲ್ದಾಣಕ್ಕೆ ಹೋದಾಗ ಅವರ ಬುತ್ತಿ ಸಿದ್ಧವಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದಲ್ಲಿ. ಅದರಲ್ಲಿ ತರಕಾರಿ ಪಲಾವು, ಆಲೂ ಛೋಲೆ ಮತ್ತು ನಮ್ಮ ಕಡೆಯ ಶಿರಾವನ್ನು ಹೋಲುವ ರವೆ ಹಲ್ವ ಇದ್ದವು. 41 ವರ್ಷಗಳ ಬಳಿಕ, 2025ರ ಜೂನ್‌ನಲ್ಲಿ, ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣ ತಲುಪಿದಾಗ ಕ್ಯಾರೆಟ್ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸ ಜೊತೆಗಿದ್ದವು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರೂಪಿಸಿದ ಪ್ರಯೋಗಕ್ಕಾಗಿ ಅವರು ಅಲ್ಲಿ ಹೆಸರುಕಾಳು, ಮೆಂತ್ಯಗಳನ್ನು ಮೊಳಕೆಯೊಡೆಸಿದರು. ಬುತ್ತಿ ಕಟ್ಟಿಕೊಡುವುದರಿಂದ ಅಲ್ಲೇ ಬೆಳೆದುಕೊಳ್ಳುವುದರ ಕಡೆಗೆ ಇದೊಂದು ಪುಟ್ಟ ಹೆಜ್ಜೆ.

ಆದರೆ ಸರಬರಾಜುದಾರನ ನಿಜವಾದ ಪರೀಕ್ಷೆ ನಡೆಯುವುದು ಗಾಡಿ ಬಾರದ ದಿನ. 2014ರ ಅಕ್ಟೋಬರ್‌ನಿಂದ 2015ರ ಜೂನ್‌ವರೆಗಿನ ಎಂಟೇ ತಿಂಗಳಲ್ಲಿ ಮೂರು ಸರಕು ನೌಕೆಗಳು ನಾಶವಾದವು. ನಿಲ್ದಾಣದಲ್ಲಿ ಯಾರೂ ಉಪವಾಸ ಬೀಳಲಿಲ್ಲ. ತಿಂಗಳುಗಳಿಗಾಗುವಷ್ಟು ಕಾಪು ದಾಸ್ತಾನು ಮೊದಲೇ ಅಲ್ಲಿತ್ತು. 2024ರ ಜೂನ್‌ನ ಇನ್ನೊಂದು ಪ್ರಸಂಗ ಇದಕ್ಕಿಂತಲೂ ಮಾರ್ಮಿಕ. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಹೊರಡುವ ಮುನ್ನ, ನಿಲ್ದಾಣದಲ್ಲಿ ಮೂತ್ರವನ್ನು ಶುದ್ಧೀಕರಿಸುವ ಯಂತ್ರದ ಪಂಪು ಕೆಟ್ಟಿತ್ತು. ಬದಲಿ ಪಂಪಿಗೆ ಜಾಗ ಮಾಡಲು ಅವರಿಬ್ಬರ ಬಟ್ಟೆಬರೆಯ ಪೆಟ್ಟಿಗೆಗಳನ್ನೇ ಕೆಳಗಿಳಿಸಲಾಯಿತು. ಸುಮಾರು ಎಂಟು ದಿನಗಳೆಂದು ಎಣಿಸಿದ್ದ ಯಾತ್ರೆ ನೌಕೆಯ ದೋಷದಿಂದಾಗಿ 286 ದಿನಗಳಿಗೆ ಬೆಳೆದದ್ದು ಮುಂದಿನ ಮಾತು. ಉಡುಪಿಗಿಂತ ನೀರು ದೊಡ್ಡದೆಂಬ ನಿರ್ಧಾರ ಮಾತ್ರ ಅಂದೇ ಆಗಿತ್ತು.

ಅಲ್ಲಿ ಒಬ್ಬರಿಗೆ ದಿನಕ್ಕೆ ಬೇಕಾಗುವ ನೀರು ಸುಮಾರು ನಾಲ್ಕು ಲೀಟರ್. ಉಸಿರಿನ ತೇವ, ಬೆವರು, ಮೂತ್ರ, ಎಲ್ಲವನ್ನೂ ಹಿಡಿದು ಶುದ್ಧೀಕರಿಸಿ ಶೇಕಡ 98ರಷ್ಟನ್ನು ಮರಳಿ ಪಡೆಯುವ ಗುರಿಯನ್ನು 2023ರಲ್ಲಿ ಮುಟ್ಟಿದ್ದಾಗಿ ನಾಸಾ ಪ್ರಕಟಿಸಿತು. ಇದನ್ನು ಹೇಳಿದಾಗ ತಾಂಡೇಲರು ಬೆರಗಾಗಲಿಲ್ಲ. ಹತ್ತು ದಿನದ ಮೀನುಗಾರಿಕೆಗೆ ಹೊರಡುವಾಗ ಅಕ್ಕಿ, ಮಂಜುಗಡ್ಡೆ, ಡೀಸೆಲ್, ಕುಡಿಯುವ ನೀರನ್ನು ಎಣಿಸಿಯೇ ಹತ್ತಿಸುತ್ತಿದ್ದವರು ಅವರು. ಬೋಟಿನಲ್ಲಿ ಮುಖ ತೊಳೆಯಲು ಕಡಲಿನ ನೀರು, ಕುಡಿಯಲು ಮಾತ್ರ ಡ್ರಮ್ಮಿನ ನೀರು. ‘ದಡಕ್ಕೆ ಬಂದ ಮೇಲೆ ನಾವೂ ಲೆಕ್ಕ ಬಿಡುತ್ತಿದ್ದೆವು’ ಎಂದರು.

ಆ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಬೀಳುವ ಕರಾವಳಿ ನಮ್ಮದು. ಆದರೂ 2019ರ ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನ ನೀರು ಇಳಿದು, ಮಂಗಳೂರು ನಗರಕ್ಕೆ ಸರದಿಯಂತೆ ನೀರು ಬಿಡಬೇಕಾಯಿತು. ನಮ್ಮ ನಗರಗಳ ಯೋಜನಾ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಅದರಲ್ಲಿ ಎಷ್ಟನ್ನು ಬಳಸುತ್ತೇವೆ, ಎಷ್ಟನ್ನು ಸೋರಲು ಬಿಡುತ್ತೇವೆ ಎಂಬುದನ್ನು ಮನೆಮಂದಿಯಲ್ಲಿ ಎಷ್ಟು ಜನ ಬಲ್ಲರು?

ಪರರನ್ನು ದೂರುವ ಅರ್ಹತೆ ನನಗಿಲ್ಲ. ತಾಲ್ಲೂಕೊಂದರ ಹೊಣೆ ಹೊತ್ತಿದ್ದಾಗ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರಿನ ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದೆ. ಗೋದಾಮಿನಲ್ಲಿ ಒಂದು ಮೂಟೆ ಅಕ್ಕಿ ಕಡಿಮೆಯಾದರೆ ನೋಟಿಸು ಕಳುಹಿಸುತ್ತಿದ್ದ ನಾನು, ತುಂಬಿದ ಟ್ಯಾಂಕರಿನ ನೀರು ಎಷ್ಟು ಮನೆ ಮುಟ್ಟಿತೆಂದು ಒಮ್ಮೆಯೂ ಕೇಳಲಿಲ್ಲ. ಅಕ್ಕಿಗೆ ದಾಸ್ತಾನು ಪುಸ್ತಕವಿತ್ತು, ನೀರಿಗೆ ಇರಲಿಲ್ಲ.

ಅಂತರಿಕ್ಷದಲ್ಲಿ ನೀರು ದುಬಾರಿ, ಆದ್ದರಿಂದ ಉಳಿಸುತ್ತಾರೆ. ನೆಲದಲ್ಲಿ ಅಗ್ಗ, ಆದ್ದರಿಂದ ಚೆಲ್ಲುತ್ತೇವೆ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿ ಹೇಳಬಹುದು. ನಿಜವೇ. ಆದರೆ ಬರೀ ದರ ಏರಿಸಿದರೆ ಬಾಧೆ ಬಡವನಿಗೆ, ಕೊಳವೆಬಾವಿ ಉಳ್ಳವನಿಗಲ್ಲ. ದರಕ್ಕಿಂತ ಮೊದಲು ಬೇಕಾದದ್ದು ಅಳತೆ: ಜಲಾಗಾರದಿಂದ ಹೊರಟದ್ದೆಷ್ಟು, ವಾರ್ಡಿಗೆ ಸೇರಿದ್ದೆಷ್ಟು, ಮರುಬಳಕೆಗೆ ಬಂದದ್ದೆಷ್ಟು ಎಂಬುದನ್ನು ಪ್ರತಿ ತಿಂಗಳೂ ಜನರ ಮುಂದಿಡುವ ಲೆಕ್ಕ.

2035ರ ಹೊತ್ತಿಗೆ ಭಾರತ ತನ್ನದೇ ಅಂತರಿಕ್ಷ ನಿಲ್ದಾಣವನ್ನು ಹೊಂದಬೇಕೆಂಬುದು ಇಸ್ರೋದ ಗುರಿ. ಅಲ್ಲಿ ಹನಿ ಹನಿಯನ್ನೂ ಎಣಿಸುವ ವ್ಯವಸ್ಥೆಯನ್ನು ನಮ್ಮ ತಂತ್ರಜ್ಞರು ಕಟ್ಟಿಯೇ ಕಟ್ಟುತ್ತಾರೆ. ಆ ವಿದ್ಯೆ ಅಲ್ಲಿಂದ ಇಳಿದು ಬರಲೆಂದು ನಾವು ಕಾಯಬೇಕಿಲ್ಲ. ಕಳೆದ ಮಳೆಗಾಲಕ್ಕೆ ನಮ್ಮ ಮನೆಯ ಮಾಡಿನ ನೀರನ್ನು ಬಾವಿಗೆ ತಿರುಗಿಸಿ, ಬಾವಿಯ ಗೋಡೆಗೆ ಅಡಿಗೊಂದರಂತೆ ಗೆರೆ ಎಳೆಸಿದ್ದೇನೆ. ನೋಡಲು ಬಂದ ತಾಂಡೇಲರು ಗೆರೆಗಳನ್ನು ಎಣಿಸಿ, ‘ಏಪ್ರಿಲಿನಲ್ಲಿ ಇನ್ನೊಮ್ಮೆ ಬರುತ್ತೇನೆ’ ಎಂದು ಹೇಳಿ ಹೋದರು.