ಅನುಕರಣೆ ಮತ್ತು ಆಶ್ರಯ: ಬೇತಮಂಗಲದ ಬಯಲಿನ ಚಿಟ್ಟೆಗಳ ನೆಲೆಯಲ್ಲಿ ಪ್ರಭೇದ ಸಂರಕ್ಷಣೆಯ ಒಂದು ವಿವೇಚನೆ

ಒಂದು ಜೀವಿಯು ತನಗೆ ಹತ್ತಿರದ ಸಂಬಂಧವಿಲ್ಲದ ಮತ್ತೊಂದು ಜೀವಿಯ ರೂಪ, ಬಣ್ಣ ಅಥವಾ ನಡವಳಿಕೆಯನ್ನು ಹೋಲುವಂತೆ ವಿಕಾಸಗೊಂಡು, ಆ ಹೋಲಿಕೆಯಿಂದ ತನ್ನ ಉಳಿವಿಗೆ ಅನುಕೂಲ ಪಡೆಯುವುದನ್ನು ಜೀವವಿಜ್ಞಾನದಲ್ಲಿ ಅನುಕರಣೆ ಎಂದು ಕರೆಯಲಾಗುತ್ತದೆ. ಇಲ್ಲಿ ಮೂರು ಪಾತ್ರಗಳಿವೆ. ವಿಷಯುಕ್ತವೋ ಅರುಚಿಕರವೋ ಆದ ‘ಮಾದರಿ’, ಅದನ್ನು ಹೋಲುವ ‘ಅನುಕಾರಿ’ ಹಾಗೂ ಇವೆರಡನ್ನೂ ನೋಡಿ ನೆನಪಿಟ್ಟುಕೊಳ್ಳುವ ‘ಭಕ್ಷಕ’. ಈ ಮೂವರಲ್ಲಿ ಯಾರೊಬ್ಬರು ಇಲ್ಲವಾದರೂ ಅನುಕರಣೆಗೆ ಅರ್ಥವಿಲ್ಲ. ಆದ್ದರಿಂದಲೇ ಈ ವಿದ್ಯಮಾನವು ಜೀವವಿಕಾಸದ ಅಧ್ಯಯನಕ್ಕೆ ಎಷ್ಟು ಮುಖ್ಯವೋ ಪ್ರಭೇದ ಸಂರಕ್ಷಣೆಯ ಚಿಂತನೆಗೂ ಅಷ್ಟೇ ಮುಖ್ಯವಾಗಿದೆ. ಈ ಎರಡನೆಯ ಮುಖವನ್ನು ಕೋಲಾರ ಜಿಲ್ಲೆಯ ಬೇತಮಂಗಲದ ಬಯಲನ್ನು ಕಣ್ಣೆದುರಿಗೆ ಇಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೆಲದ ಸ್ವರೂಪ

ಹಿಂದೆ ಬಂಗಾರಪೇಟೆ ತಾಲ್ಲೂಕಿಗೂ ಈಗ ಕೆ.ಜಿ.ಎಫ್. ತಾಲ್ಲೂಕಿಗೂ ಸೇರಿರುವ ಬೇತಮಂಗಲವು ಪಾಲಾರ್ ನದಿಯ ದಂಡೆಯ ಪ್ರಾಚೀನ ಊರು. ಶಾಸನಗಳಲ್ಲಿ ಇದರ ಹೆಸರು ವಿಜಯಾದಿತ್ಯಮಂಗಲ. ಇಲ್ಲಿನ ದೊಡ್ಡ ಕೆರೆಯ ನೀರು ಕೋಲಾರದ ಚಿನ್ನದ ಗಣಿಗಳಿಗೂ ಗಣಿ ಕಾರ್ಮಿಕರ ವಸತಿಗಳಿಗೂ ಬಹುಕಾಲ ಆಧಾರವಾಗಿತ್ತು. 2001ರ ಫೆಬ್ರವರಿಯಲ್ಲಿ ಗಣಿಗಳು ಮುಚ್ಚಿದವು; ಅದಿರನ್ನು ಅರೆದು ಚಿನ್ನ ತೆಗೆದ ಬಳಿಕ ಉಳಿದ ಮಣ್ಣಿನ ದಿಬ್ಬಗಳು, ಜನರು ಸೈನೈಡ್ ದಿಬ್ಬಗಳೆಂದು ಕರೆಯುವಂಥವು, ಇಂದಿಗೂ ನಿಂತಿವೆ. ಸುತ್ತಲಿನದು ಮಳೆ ಕಡಿಮೆಯಾದ ಬಯಲುಸೀಮೆ. ಕೆರೆಯ ಏರಿ, ಹೊಲದ ಬದು, ಗೋಮಾಳ, ಕಲ್ಲುಬಂಡೆಗಳ ಕುರುಚಲು, ಬೇಲಿಸಾಲು ಇವೇ ಇಲ್ಲಿನ ಕಾಡು. ಪಶ್ಚಿಮಘಟ್ಟದ ಮಳೆಕಾಡುಗಳ ವೈಭವ ಈ ನೆಲಕ್ಕಿಲ್ಲ. ಆದರೆ ಅನುಕರಣೆಯ ಇತಿಹಾಸದಲ್ಲಿ ಪದೇಪದೇ ಬರುವ ಕೆಲವು ಚಿಟ್ಟೆಗಳು ದಕ್ಷಿಣ ಭಾರತದ ಇಂಥ ಒಣಬಯಲಿನ ನಿವಾಸಿಗಳೇ ಆಗಿವೆ ಎಂಬುದು ಗಮನಾರ್ಹ.

ಸಿದ್ಧಾಂತದ ಹಿನ್ನೆಲೆ

ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್ 1848ರಿಂದ 1859ರವರೆಗೆ ಅಮೆಜಾನ್ ಕಣಿವೆಯಲ್ಲಿ ಕೀಟಗಳನ್ನು ಸಂಗ್ರಹಿಸಿ, 1862ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಿನ್ನಲು ಯೋಗ್ಯವಾದ ಚಿಟ್ಟೆಗಳು ಅರುಚಿಕರ ಚಿಟ್ಟೆಗಳ ವೇಷ ತಳೆದಿರುವುದನ್ನು ನಿಸರ್ಗದ ಆಯ್ಕೆಯ ಮೂಲಕ ವಿವರಿಸಿದನು. ಡಾರ್ವಿನ್ನನ ಸಿದ್ಧಾಂತಕ್ಕೆ ದೊರೆತ ಮೊದಲ ಬಲವಾದ ಸಾಕ್ಷ್ಯಗಳಲ್ಲಿ ಇದೂ ಒಂದು. ಇದಕ್ಕೆ ಬೇಟ್ಸ್ ಮಾದರಿಯ ಅನುಕರಣೆ ಎಂದು ಹೆಸರು. ಬ್ರೆಜಿಲಿನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಜ್ ಮುಲ್ಲರ್ 1870ರ ದಶಕದ ಕೊನೆಯಲ್ಲಿ ಇನ್ನೊಂದು ಬಗೆಯನ್ನು ತೋರಿಸಿದನು. ಅದರಲ್ಲಿ ಅರುಚಿಕರವಾದ ಹಲವು ಪ್ರಭೇದಗಳು ಪರಸ್ಪರ ಹೋಲುತ್ತವೆ. ಭಕ್ಷಕಕ್ಕೆ ಪಾಠ ಕಲಿಸುವಾಗ ಆಗುವ ಪ್ರಾಣನಷ್ಟವನ್ನು ಅವು ಹಂಚಿಕೊಳ್ಳುತ್ತವೆ. ಮೊದಲ ಬಗೆಯಲ್ಲಿ ಅನುಕಾರಿಯು ಮಾದರಿಯ ಮೇಲೆ ಸವಾರಿ ಮಾಡುತ್ತದೆ. ಎರಡನೆಯದರಲ್ಲಿ ಎಲ್ಲರೂ ಭಾರ ಹೊರುತ್ತಾರೆ.

ಒಂದು ಗಂಡು, ಮೂರು ಬಗೆಯ ಹೆಣ್ಣು

ಕರಿಬೇವು, ನಿಂಬೆ, ಬಿಲ್ವಗಳ ಎಲೆಯ ಮೇಲೆ ಮೊಟ್ಟೆಯಿಡುವ ಕಾಮನ್ ಮಾರ್ಮನ್ (ಪ್ಯಾಪಿಲಿಯೊ ಪಾಲಿಟೀಸ್) ನಮ್ಮ ಹಿತ್ತಿಲುಗಳ ಪರಿಚಿತ ಚಿಟ್ಟೆ. ಇದರ ಗಂಡು ಕಪ್ಪು ಬಣ್ಣದ್ದು. ಹಿಂದಿನ ರೆಕ್ಕೆಗಳಿಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಒಂದು ಸಾಲಿದೆ. ಹೆಣ್ಣುಗಳಲ್ಲಿ ಮಾತ್ರ ನಮ್ಮಲ್ಲಿ ಮೂರು ರೂಪಗಳು ಕಂಡುಬರುತ್ತವೆ. ‘ಸೈರಸ್’ ಎಂಬ ರೂಪ ಗಂಡನ್ನೇ ಹೋಲುತ್ತದೆ. ‘ಸ್ಟಿಕಿಯಸ್’ ರೂಪವು ಕಾಮನ್ ರೋಸ್ (ಪ್ಯಾಕ್ಲಿಯಾಪ್ಟಾ ಅರಿಸ್ಟೊಲೋಕಿಯೇ) ಎಂಬ ವಿಷಯುಕ್ತ ಚಿಟ್ಟೆಯನ್ನೂ, ‘ರೊಮ್ಯುಲಸ್’ ರೂಪವು ಕ್ರಿಮ್ಸನ್ ರೋಸ್ (ಪ್ಯಾಕ್ಲಿಯಾಪ್ಟಾ ಹೆಕ್ಟರ್) ಎಂಬ ಮತ್ತೊಂದು ವಿಷಯುಕ್ತ ಚಿಟ್ಟೆಯನ್ನೂ ಅನುಕರಿಸುತ್ತವೆ. ಬಯಲಿನಲ್ಲಿ ಇವನ್ನು ಗುರುತಿಸಲು ಸುಲಭವಾದ ಉಪಾಯವಿದೆ. ಮಾದರಿಗಳ ಮೈ ಕೆಂಪು. ಅನುಕಾರಿಗಳ ಮೈ ಕಪ್ಪು. ರೆಕ್ಕೆಯ ವೇಷ ಎಷ್ಟೇ ಪರಿಪೂರ್ಣವಾಗಿದ್ದರೂ ದೇಹದ ಬಣ್ಣ ನಿಜವನ್ನು ಹೇಳಿಬಿಡುತ್ತದೆ.

ಆಲ್ಫ್ರೆಡ್ ರಸೆಲ್ ವಾಲೇಸ್ 1865ರಲ್ಲಿಯೇ ಈ ಬಹುರೂಪತೆಯನ್ನು ಚರ್ಚಿಸಿ, ಇವೆಲ್ಲವೂ ಒಂದೇ ಪ್ರಭೇದದ ಹೆಣ್ಣುಗಳೆಂದು ತೋರಿಸಿದ್ದನು. ಭೌಗೋಳಿಕ ಹಂಚಿಕೆಯೂ ಈ ವಿವರಣೆಗೆ ಪೂರಕವಾಗಿದೆ. ಕಾಮನ್ ಮಾರ್ಮನ್ ಏಷ್ಯಾದ ಬಹುಭಾಗದಲ್ಲಿ ಹರಡಿಕೊಂಡಿದೆ. ಆದರೆ ರೊಮ್ಯುಲಸ್ ರೂಪವು ಕ್ರಿಮ್ಸನ್ ರೋಸ್ ವಾಸಿಸುವ ಭಾರತ ಮತ್ತು ಶ್ರೀಲಂಕೆಗಳಿಗೇ ಬಹುಮಟ್ಟಿಗೆ ಸೀಮಿತ. ಮಾದರಿಯಿಲ್ಲದ ಕಡೆ ಅನುಕಾರಿಯಿಲ್ಲ.

ಹೆಣ್ಣು ಮಾತ್ರವೇ ವೇಷ ಧರಿಸುವುದೇಕೆ? ಮೊಟ್ಟೆಗಳ ಭಾರ ಹೊತ್ತು, ಎಲೆಗಳನ್ನು ಹುಡುಕುತ್ತ ನಿಧಾನವಾಗಿ ಹಾರಬೇಕಾದ ಹೆಣ್ಣಿಗೆ ಅಪಾಯ ಹೆಚ್ಚು. ಆದ್ದರಿಂದ ರಕ್ಷಣೆಯ ಅಗತ್ಯವೂ ಹೆಚ್ಚು ಎಂಬುದು ವಾಲೇಸನ ವಾದ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಗುಂಪಿನ ಚಿಟ್ಟೆಗಳ ವಂಶವೃಕ್ಷದ ಆಧಾರದಿಂದ ವಾಲೇಸನ ವಾದವನ್ನು ಸಮರ್ಥಿಸಿತು.

ವಂಶವಾಹಿಯ ಸಾಕ್ಷ್ಯ

ಸಿರಿಲ್ ಕ್ಲಾರ್ಕ್ ಮತ್ತು ಫಿಲಿಪ್ ಶೆಪರ್ಡ್ ಎಂಬ ಬ್ರಿಟಿಷ್ ವಿಜ್ಞಾನಿಗಳು ತಳಿಸಂಕರಣದ ಪ್ರಯೋಗಗಳಿಂದ, ಹೆಣ್ಣಿನ ಈ ರೂಪಗಳು ಒಂದೇ ತಳಿನೆಲೆಯ ನಿಯಂತ್ರಣದಲ್ಲಿವೆ ಎಂದು 1972ರಲ್ಲಿ ತೋರಿಸಿದರು. ಇಷ್ಟು ಸಂಕೀರ್ಣವಾದ ವಿನ್ಯಾಸವನ್ನು ಪರಸ್ಪರ ಅಂಟಿಕೊಂಡ ಹಲವು ವಂಶವಾಹಿಗಳ ಗೊಂಚಲು ನಿರ್ದೇಶಿಸುತ್ತಿರಬೇಕೆಂದು ಆಗ ಊಹಿಸಲಾಗಿತ್ತು. 2014ರಲ್ಲಿ ಕುಂಟೆಯವರೂ ಷಿಕಾಗೊ ವಿಶ್ವವಿದ್ಯಾಲಯದ ಮಾರ್ಕಸ್ ಕ್ರಾನ್‌ಫಾರ್ಸ್ಟ್ ಮುಂತಾದವರೂ ಸೇರಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯು ಅನಿರೀಕ್ಷಿತ ಉತ್ತರವನ್ನು ಕೊಟ್ಟಿತು. ಕೀಟಗಳಲ್ಲಿ ಗಂಡು ಹೆಣ್ಣಿನ ದೇಹಲಕ್ಷಣಗಳನ್ನು ರೂಪಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ಈ ವೇಷಾಂತರದ ಸೂತ್ರಧಾರಿ. 2015ರಲ್ಲಿ ಜಪಾನಿನ ತಂಡವೊಂದು ಇದೇ ಭಾಗದಲ್ಲಿ ವರ್ಣತಂತುವಿನ ಒಂದು ತುಂಡು ತಲೆಕೆಳಗಾಗಿರುವುದನ್ನು ವಿವರವಾಗಿ ನಿರೂಪಿಸಿತು. ತಲೆಕೆಳಗಾದ ಭಾಗವು ಎದುರು ಪ್ರತಿಯೊಡನೆ ಸರಾಗವಾಗಿ ಬೆರೆಯಲಾರದು. ಆದ್ದರಿಂದ ವಿನ್ಯಾಸವು ಒಡೆಯದೆ ಒಟ್ಟಾಗಿ ತಾಯಿಯಿಂದ ಮಗಳಿಗೆ ಸಾಗುತ್ತದೆ. ಗಂಡು ಸಹ ಈ ಪ್ರತಿಯನ್ನು ಹೊತ್ತಿರುತ್ತದೆ, ತಾನು ಧರಿಸದೆ ದಾಟಿಸುತ್ತದೆ.

ಸಂಖ್ಯೆಯ ನಿಯಮ

ಬೇಟ್ಸ್ ಅನುಕರಣೆಗೆ ಒಂದು ಮಿತಿಯಿದೆ. ಕಾಜಾಣ, ಪಿಕಳಾರ ಮೊದಲಾದ ಹಕ್ಕಿಗಳ ಎಳೆಯ ಪೀಳಿಗೆ ಪ್ರತಿವರ್ಷವೂ ಹೊಸದಾಗಿ ಪಾಠ ಕಲಿಯಬೇಕು. ಆ ಪಾಠವನ್ನು ಕಲಿಸುವುದು ಮಾದರಿ. ಮಾದರಿಗಳು ಹೇರಳವಾಗಿದ್ದರೆ ಹಕ್ಕಿಗೆ ಮೊದಲು ಸಿಗುವುದು ವಿಷದ ಚಿಟ್ಟೆಯೇ. ಬಳಿಕ ಅದು ಅದೇ ಬಣ್ಣದ ಎಲ್ಲವನ್ನೂ ಬಿಟ್ಟುಬಿಡುತ್ತದೆ. ಅನುಕಾರಿಗಳು ಹೆಚ್ಚಾಗಿ ಮಾದರಿಗಳು ವಿರಳವಾದರೆ ಹಕ್ಕಿ ಕಲಿಯುವ ಪಾಠವೇ ಬೇರೆ. ಆಗ ಕೆಂಪು ಮಚ್ಚೆಯು ಎಚ್ಚರಿಕೆಯಾಗದೆ ಆಹ್ವಾನವಾಗುತ್ತದೆ. ಗಂಡನ್ನು ಹೋಲುವ ಸೈರಸ್ ರೂಪ ಇನ್ನೂ ಅಳಿಯದಿರುವುದಕ್ಕೆ ಈ ಸಂಖ್ಯಾನಿಯಮವೂ ಒಂದು ಕಾರಣವೆಂದು ವಿದ್ವಾಂಸರು ಭಾವಿಸುತ್ತಾರೆ. ಜಪಾನಿನ ರ್‍ಯುಕ್ಯು ದ್ವೀಪಗಳಲ್ಲಿ ಕಾಮನ್ ರೋಸ್ ಹೊಸದಾಗಿ ನೆಲೆಸಿದ ಮೇಲೆ ಕಾಮನ್ ಮಾರ್ಮನ್ನಿನ ಅನುಕಾರಿ ಹೆಣ್ಣುಗಳ ಪ್ರಮಾಣ ಏರಿದ್ದು ದಾಖಲಾಗಿದೆ. ಏರಿಕೆ ಸಾಧ್ಯವಾದರೆ, ಮಾದರಿ ಮರೆಯಾದೆಡೆ ಇಳಿಕೆಯೂ ಸಾಧ್ಯ.

ಎರಡು ಗಿಡಗಳು, ಎರಡು ಭವಿಷ್ಯ

ಮಾದರಿಯ ವಿಷ ಅದರ ಸ್ವಂತದ್ದಲ್ಲ; ಮರಿಹುಳುವಾಗಿ ತಿಂದ ಎಲೆಯದು. ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್‌ಗಳ ಮರಿಹುಳುಗಳು ಈಶ್ವರಬಳ್ಳಿ (ಅರಿಸ್ಟೊಲೋಕಿಯಾ ಇಂಡಿಕಾ) ಹಾಗೂ ಅದರ ನೆಲಹಬ್ಬು ಸಂಬಂಧಿ ಅರಿಸ್ಟೊಲೋಕಿಯಾ ಬ್ರ್ಯಾಕ್ಟಿಯೊಲೇಟಾ ಮೊದಲಾದ ಇದೇ ಕುಟುಂಬದ ಸಸ್ಯಗಳನ್ನು ಮಾತ್ರ ತಿನ್ನುತ್ತವೆ. ಎರಡನೆಯ ಸಸ್ಯಕ್ಕೆ ತಮಿಳಿನಲ್ಲಿರುವ ಹೆಸರಿಗೆ ‘ಆಡು ಮುಟ್ಟದ ಪಾಲೆ’ ಎಂಬರ್ಥವಿದೆ. ಆಡೂ ಬಿಡುವ ಎಲೆಯೇ ಚಿಟ್ಟೆಗೆ ಅನ್ನವೂ ಕವಚವೂ ಆಗಿದೆ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮನುಷ್ಯನ ಮೂತ್ರಪಿಂಡಗಳಿಗೆ ಹಾನಿಕರ ಮತ್ತು ಕ್ಯಾನ್ಸರ್‌ಕಾರಕವೆಂದು ದೃಢಪಟ್ಟಿದೆ. ಹಾಗಿದ್ದರೂ ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯಿಂದ ಈಶ್ವರಬಳ್ಳಿಯ ಬೇರನ್ನು ಅಗೆಯುವ ರೂಢಿಯಿದೆ. ಅಂದರೆ ಮದ್ದಾಗದ ಬೇರಿಗಾಗಿ ಬಳ್ಳಿಯೂ ನಾಶ, ಚಿಟ್ಟೆಯೂ ನಾಶ.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಜೋಡಿ ಇದೇ ಬಯಲಿನಲ್ಲಿದೆ. ಎಕ್ಕದ ಎಲೆ ತಿಂದು ಬೆಳೆಯುವ ಪ್ಲೇನ್ ಟೈಗರ್ (ಡೇನಾಸ್ ಕ್ರೈಸಿಪ್ಪಸ್) ಹಕ್ಕಿಗಳಿಗೆ ಅರುಚಿ. ಇದನ್ನು ಡನೈಡ್ ಎಗ್‌ಫ್ಲೈ (ಹೈಪೊಲಿಮ್ನಾಸ್ ಮಿಸಿಪ್ಪಸ್) ಎಂಬ ಚಿಟ್ಟೆಯ ಹೆಣ್ಣು ಅನುಕರಿಸುತ್ತದೆ. ಇದರ ಮರಿಹುಳುವಿನ ಆಹಾರ ನಾವು ಸಾರಿಗೆ ಹಾಕುವ ಗೋಣಿಸೊಪ್ಪು. ಎಕ್ಕವು ಪಾಳುನೆಲದಲ್ಲಿ, ರಸ್ತೆಬದಿಯಲ್ಲಿ ತಾನಾಗಿ ಹಬ್ಬುವ ಗಿಡ. ಹೀಗಾಗಿ ನೆಲ ಹಾಳಾದಷ್ಟೂ ಈ ಜೋಡಿಗೆ ಹೆಚ್ಚಿನ ಭಯವಿಲ್ಲ. ಬೇಲಿಯನ್ನೂ ಕುರುಚಲನ್ನೂ ಆಶ್ರಯಿಸಿದ ಈಶ್ವರಬಳ್ಳಿಗೆ ಆ ಸೌಲಭ್ಯವಿಲ್ಲ. ಬೇಲಿ ಹೋಗಿ ತಂತಿ ಬಂದಾಗ, ಏರಿಯನ್ನು ಯಂತ್ರದಿಂದ ಕೆರೆದಾಗ, ಗೋಮಾಳದಲ್ಲಿ ನೀಲಗಿರಿ ತೋಪು ಎದ್ದಾಗ ಅದು ಸದ್ದಿಲ್ಲದೆ ಮರೆಯಾಗುತ್ತದೆ. ಕೋಲಾರ ಜಿಲ್ಲೆಯಲ್ಲಿ ವಿಪುಲವಾಗಿ ಹಬ್ಬಿದ್ದ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ತೋಪು ತೆಗೆದ ನೆಲದಲ್ಲಿ ಮುಂದೆ ಏನು ಬೆಳೆಯಲಿದೆ ಎಂಬುದು ಚಿಟ್ಟೆಗಳ ದೃಷ್ಟಿಯಿಂದಲೂ ಕೇಳಬೇಕಾದ ಪ್ರಶ್ನೆ.

ಕಾನೂನು ಮತ್ತು ಸಂಬಂಧ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ಕ್ರಿಮ್ಸನ್ ರೋಸ್ ಮತ್ತು ಡನೈಡ್ ಎಗ್‌ಫ್ಲೈ ಎರಡೂ ಬಹುಕಾಲ ಸ್ಥಾನ ಪಡೆದಿದ್ದವು. 2022ರ ತಿದ್ದುಪಡಿಯಿಂದ ಅನುಸೂಚಿಗಳ ರಚನೆಯೇ ಬದಲಾಯಿತು. ಪಟ್ಟಿ ಹೇಗಿದ್ದರೂ ಅದು ಹಿಡಿಯುವ, ಕೊಲ್ಲುವ, ಮಾರುವ ಕೃತ್ಯಗಳನ್ನು ತಡೆಯಬಲ್ಲದು; ಬದುವಿನ ಬಳ್ಳಿಯನ್ನು ಕಿತ್ತೆಸೆಯುವುದನ್ನು ತಡೆಯಲಾರದು. ಬಲೆ ಹಿಡಿದವನಿಗಿಂತ ಬದು ಸವರುವವನಿಂದಲೇ ಕ್ರಿಮ್ಸನ್ ರೋಸ್‌ಗೆ ಹೆಚ್ಚು ಅಪಾಯ. ಇನ್ನು ಯಾವ ಪಟ್ಟಿಗೂ ಸೇರದಷ್ಟು ಸಾಮಾನ್ಯವಾದ ಕಾಮನ್ ಮಾರ್ಮನ್, ಕರಿಬೇವು ಇರುವವರೆಗೂ ಉಳಿದೀತು. ಆದರೆ ಅದರ ರೊಮ್ಯುಲಸ್ ರೂಪ ಉಳಿಯುವುದೇ ಎಂಬುದು ಕರಿಬೇವನ್ನಲ್ಲ, ಈಶ್ವರಬಳ್ಳಿಯನ್ನು ಅವಲಂಬಿಸಿದೆ. ಪ್ರಭೇದವೊಂದು ಅಳಿಯದೆಯೂ ಅದರೊಳಗಿನ ಸಹಸ್ರಾರು ತಲೆಮಾರುಗಳ ವಿಕಾಸದ ಫಲವೊಂದು ಅಳಿಯಬಹುದು. ಪ್ರಭೇದಗಳನ್ನು ಎಣಿಸುವ ಸಂರಕ್ಷಣೆಯ ಲೆಕ್ಕಕ್ಕೆ ಈ ನಷ್ಟ ಸಿಕ್ಕುವುದಿಲ್ಲ.

ಆದ್ದರಿಂದ ಸಂರಕ್ಷಣೆಯ ಘಟಕವಾಗಿ ಒಂಟಿ ಪ್ರಭೇದವನ್ನಲ್ಲ, ಸಂಬಂಧವನ್ನು ಗ್ರಹಿಸಬೇಕಾಗಿದೆ. ಈ ದಿಸೆಯಲ್ಲಿ ದುಬಾರಿ ಉಪಕರಣಗಳಿಲ್ಲದೆ ಮಾಡಬಹುದಾದ ಕಾರ್ಯವಿದೆ. ಬೇತಮಂಗಲದಂಥ ಕೆರೆಯ ಏರಿಯ ಮೇಲೆ ನಿಗದಿತ ಹಾದಿಯಲ್ಲಿ, ನಿಗದಿತ ಹೊತ್ತಿನಲ್ಲಿ, ವರ್ಷವಿಡೀ ಎರಡು ಮಾದರಿಗಳನ್ನೂ ಮೂರು ಹೆಣ್ಣುರೂಪಗಳನ್ನೂ ಬೇರೆಬೇರೆಯಾಗಿ ಎಣಿಸುವುದು. ಜೊತೆಗೆ ಈಶ್ವರಬಳ್ಳಿಯ ನೆಲೆಗಳನ್ನು ಗುರುತಿಸುವುದು. ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗವು ಕೆಲವು ವರ್ಷ ಈ ಲೆಕ್ಕವನ್ನು ಬಿಡದೆ ಇಟ್ಟರೆ, ಮಾದರಿ ಕಡಿಮೆಯಾದಾಗ ಅನುಕಾರಿಗೆ ಏನಾಗುತ್ತದೆ ಎಂಬ ಮೂಲಭೂತ ಪ್ರಶ್ನೆಗೆ ನಮ್ಮ ನೆಲದಿಂದಲೇ ಉತ್ತರ ದೊರೆಯುತ್ತದೆ. ಕೆರೆಗಳ ಹೂಳೆತ್ತುವ, ಏರಿ ಭದ್ರಪಡಿಸುವ ಯೋಜನೆಗಳಲ್ಲಿ ಒಂದು ಪಾರ್ಶ್ವದ ಬೇಲಿಬಳ್ಳಿಗಳನ್ನು ಉಳಿಸಿಕೊಳ್ಳುವಂತೆ ಸೂಚಿಸಲು ಆಗ ಆಧಾರವೂ ಇರುತ್ತದೆ. ಏರಿಯು ನೀರನ್ನು ಮಾತ್ರವೇ ಹಿಡಿದಿಟ್ಟಿಲ್ಲ ಎಂಬುದನ್ನು ತೋರಿಸಲು ಅಷ್ಟು ಸಾಕು.