ಮುದಿ ನಾಯಿಯ ಕಣ್ಣು ಮಂಜಾದಾಗ

ತೋಟದ ಕಾವಲಿಗೆ ಒಂದಾದರೂ ನಾಯಿ ಸಾಕದ ಸದಸ್ಯರು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಅಪರೂಪ. ಕಣದಲ್ಲಿ ಕಾಫಿ ಹರಡಿರುವ ತಿಂಗಳುಗಳಲ್ಲಿ, ಅಡಿಕೆ ಕೊಯ್ಲಿನ ಕಾಲದಲ್ಲಿ, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆಯ ಕಾಡಂಚಿನ ತೋಟಗಳಲ್ಲಂತೂ ವರ್ಷವಿಡೀ, ಮನೆಯವರಿಗಿಂತ ಮೊದಲು ಎಚ್ಚರಗೊಳ್ಳುವುದು ಅದೇ. ಇಂತಹ ನಾಯಿಗೆ ಏಳೆಂಟು ವರ್ಷವಾದ ಮೇಲೆ ಕಣ್ಣಿನ ಪಾಪೆಯೊಳಗೆ ನೀಲಿ ಬೆರೆತ ಬೂದು ಬಣ್ಣ ಕಾಣತೊಡಗುತ್ತದೆ. ಪೊರೆ ಬಂತು, ಇನ್ನಿದು ಕುರುಡು ಎಂದು ತೀರ್ಮಾನಿಸಿ ಸಂತೆಮಾಳದಲ್ಲೋ ಹೆದ್ದಾರಿಯ ಬದಿಯಲ್ಲೋ ಬಿಟ್ಟು ಬರುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಅದಿರಲಿ, ಹೀಗೆ ಬಿಡಲ್ಪಟ್ಟ ನಾಯಿಗಳಲ್ಲಿ ಹಲವಕ್ಕೆ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ ಎಂಬುದು ನಾವು ಹೇಳಬೇಕಾದ ಮೊದಲ ಮಾತು.

ಕಣ್ಣಿನೊಳಗಿನ ಮಸೂರ ಈರುಳ್ಳಿಯಂತೆ ಪದರ ಪದರವಾಗಿ ಬೆಳೆಯುತ್ತದೆ. ಹೊಸ ಎಳೆಗಳು ಹೊರಗಡೆ ಸೇರುತ್ತ ಹೋಗುತ್ತವೆ. ಹಳೆಯವು ಉದುರಿಹೋಗಲು ಜಾಗವಿಲ್ಲದೆ ನಡುವೆ ಒತ್ತಿಕೊಂಡು ಗಟ್ಟಿಯಾಗುತ್ತವೆ. ಈ ಗಟ್ಟಿ ತಿರುಳು ಬೆಳಕನ್ನು ಚದುರಿಸುವುದರಿಂದ ಪಾಪೆ ಹೊಗೆಯಾಡಿದಂತೆ ತೋರುತ್ತದೆ. ನ್ಯೂಕ್ಲಿಯರ್ ಸ್ಕ್ಲೆರೋಸಿಸ್ ಎಂದು ವೈದ್ಯರು ಕರೆಯುವುದು ಇದನ್ನೇ. ನಲವತ್ತು ದಾಟಿದ ನಮಗೆ ಚಾಳೀಸು ಬರುವುದಕ್ಕೂ ಮಸೂರ ಗಟ್ಟಿಯಾಗುವುದೇ ಕಾರಣ. ನಾಯಿ ಪತ್ರಿಕೆ ಓದಬೇಕಾಗಿಲ್ಲವಾದ್ದರಿಂದ ಅದಕ್ಕೆ ಅಷ್ಟು ತೊಂದರೆಯಿಲ್ಲ! ಎರಡೂ ಕಣ್ಣು ಸಮನಾಗಿ, ನಿಧಾನವಾಗಿ, ನೋವಿಲ್ಲದೆ ಮಂಜಾದರೆ ಬಹುಮಟ್ಟಿಗೆ ಇದೇ ಎಂದು ತಿಳಿಯಬಹುದು. ಚಿಕಿತ್ಸೆ ಬೇಕಿಲ್ಲ.

ಪೊರೆ ಬೇರೆ. ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಕಂಡಿರುವ ಹಿರಿಯ ಸದಸ್ಯರಿಗೆ ಪೊರೆಯ ಬಿಳುಪನ್ನು ವಿವರಿಸಬೇಕಾಗಿಲ್ಲ. ಅದು ಸುಣ್ಣದ ಚುಕ್ಕೆಯಂತೆ ಒಂದು ಕಡೆ ಆರಂಭವಾಗಿ ಬೆಳಕಿಗೆ ಅಡ್ಡ ನಿಲ್ಲುತ್ತದೆ. ಎರಡನ್ನೂ ಮನೆಯಲ್ಲಿಯೇ ಒಂದಿಷ್ಟು ಗುರುತಿಸಬಹುದು. ರಾತ್ರಿ ಜೀಪಿನ ದೀಪಕ್ಕೆ ನಾಯಿಯ ಕಣ್ಣು ಹೊಳೆಯುವುದು ಕಣ್ಣಿನ ಹಿಂಬದಿಯ ಕನ್ನಡಿಯಂತಹ ಪದರದಿಂದ. ಮಬ್ಬುಗತ್ತಲಲ್ಲಿ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿದು, ಒಂದು ಮಾರು ದೂರದಿಂದ ನಾಯಿಯ ಕಣ್ಣಿಗೆ ಬೆಳಕು ಬಿಡಿ. ಮಂಜಿನ ಮೂಲಕವೂ ಆ ಹೊಳಪು ಪಾಪೆಯ ತುಂಬ ಕಂಡರೆ ವಯಸ್ಸಿನ ಮಂಜು. ಹೊಳಪಿನ ನಡುವೆ ಕಪ್ಪು ಕಲೆ ಕಂಡರೆ, ಅಥವಾ ಹೊಳಪೇ ಇಲ್ಲದಿದ್ದರೆ, ಪೊರೆಯೆಂದು ಅನುಮಾನಿಸಬೇಕು. ನಾಯಿ ಅಂಗಳದಲ್ಲಿ ಸಲೀಸಾಗಿ ಓಡಾಡುತ್ತದೆಂದು ಮಾತ್ರ ನಂಬಬೇಡಿ. ಪರಿಚಿತ ಜಾಗದಲ್ಲಿ ಕುರುಡು ನಾಯಿಯೂ ಮೂಗು ಕಿವಿಗಳಿಂದಲೇ ಸಂಭಾಳಿಸಿಕೊಳ್ಳುತ್ತದೆ. ಅದು ನಡೆಯುವ ದಾರಿಗೆ ಅಡ್ಡವಾಗಿ ಒಂದು ಖಾಲಿ ಬುಟ್ಟಿ ಇಟ್ಟು ನೋಡಿ.

ಪೊರೆ ಬಂದ ನಾಯಿ ವಿಪರೀತ ನೀರು ಕುಡಿದು, ಪದೇ ಪದೇ ಉಚ್ಚೆ ಹೊಯ್ದು, ಚೆನ್ನಾಗಿ ತಿಂದರೂ ಬಡಕಲಾಗುತ್ತಿದ್ದರೆ ಸಕ್ಕರೆ ರೋಗದ ಪರೀಕ್ಷೆ ಆಗಲೇಬೇಕು. ಸಕ್ಕರೆ ರೋಗದ ನಾಯಿಗಳಲ್ಲಿ ಪೊರೆ ಬಹುಬೇಗ ಬರುತ್ತದೆ. ಬಲಿತ ಪೊರೆಯನ್ನು ಕರಗಿಸುವ ಹನಿ ಔಷಧಿ ಯಾವುದೂ ಇಲ್ಲ, ಇರುವ ದಾರಿ ಶಸ್ತ್ರಚಿಕಿತ್ಸೆಯೊಂದೇ. ಹೀಗಿರುವಾಗ ಹಾಗೆಂದು ಹೇಳಿ ಮಾರುವ ಸೀಸೆಗೆ ಹಣ ಕೊಡುವುದು ವ್ಯರ್ಥ.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ವಯಸ್ಸಿನ ಮಂಜೂ ಪೊರೆಯೂ ಪಾಪೆಯ ಒಳಗಿರುತ್ತವೆ. ಆದರೆ ಕಣ್ಣಿನ ಹೊರಮೈಯಲ್ಲಿರುವ, ಕಾರ್ನಿಯಾ ಎಂಬ ಗಾಜಿನಂತಹ ಪಟಲವೇ ಮಂಜಾಗಿ, ಪಾಪೆಯೇ ಸರಿಯಾಗಿ ಕಾಣದಂತಾದರೆ ಅದಕ್ಕೆ ವಯಸ್ಸು ಕಾರಣವೆಂದು ಸುಮ್ಮನಿರುವಂತಿಲ್ಲ. ಕಸಿ ಮಾಡಿದ ಕಾಫಿ ರೆಕ್ಕೆಯ ಮೊನೆಯೋ ಲಂಟಾನದ ಮುಳ್ಳೋ ತಗುಲಿ ಹುಣ್ಣಾಗಿರಬಹುದು. ಕಣ್ಣು ಕೆಂಪಾಗಿ, ಗುಡ್ಡೆ ಉಬ್ಬಿ, ನಾಯಿ ತಲೆ ಮುಟ್ಟಗೊಡದಿದ್ದರೆ ಗ್ಲಾಕೋಮಾ ಇರಬಹುದು. ಅದರಲ್ಲಿ ಒಂದೆರಡು ದಿನ ತಡವಾದರೂ ದೃಷ್ಟಿ ಹೋಗುತ್ತದೆ. ಉಣ್ಣೆಯಿಂದ ಬರುವ ಜ್ವರದಲ್ಲೂ ಕಣ್ಣಿನೊಳಗೆ ಊತವಾಗಿ ಮಬ್ಬಾಗುವುದುಂಟು.

ದನಕರು ಕಟ್ಟಿರುವ ನಮ್ಮಂತಹ ತೋಟಗಳಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಸರ್ರಾ ರೋಗ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಇದರ ಸೂಕ್ಷ್ಮಜೀವಿಯನ್ನು ಕಂಡುಹಿಡಿದರು. ದನಗಳ ರಕ್ತ ಹೀರುವ ದೊಡ್ಡ ನೊಣಗಳು, ಕುದುರೆ ನೊಣವೆಂದು ಕರೆಯುವಂಥವು, ಇದನ್ನು ಹರಡುತ್ತವೆ. ಸೋಂಕಿದ ಪ್ರಾಣಿಯ ಹಸಿ ಮಾಂಸ ತಿಂದರೂ ನಾಯಿಗೆ ತಗಲಬಹುದು. ದನ ಎಮ್ಮೆಗಳಲ್ಲಿ ಹೊರಗೆ ತೋರದೆ ಅಡಗಿರುವ ರೋಗ ನಾಯಿಯಲ್ಲಿ ಉಗ್ರವಾಗುತ್ತದೆ. 2000ನೆಯ ಇಸವಿಯಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಇದರಿಂದಲೇ. ನಾಯಿಗೆ ಬಿಟ್ಟು ಬಿಟ್ಟು ಜ್ವರ, ಬಿಳಿಚಿದ ಒಸಡು, ಮುಖ ಅಥವಾ ಗಂಟಲ ಊತ, ಅದರೊಡನೆ ನೀಲಿಗಟ್ಟಿದ ಕಣ್ಣು ಕಂಡರೆ ಅಂದೇ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿಸಬೇಕು. ಜ್ವರ ಏರಿರುವಾಗ ತೆಗೆದ ರಕ್ತದಲ್ಲಿ ಜೀವಿ ಸಿಗುವ ಸಂಭವ ಹೆಚ್ಚು. ಬೇಗ ಔಷಧಿ ಬಿದ್ದರೆ ನಾಯಿ ಉಳಿಯುವುದಲ್ಲದೆ ಕಣ್ಣೂ ತಿಳಿಯಾಗಬಹುದು. ದನಕ್ಕೆ ತಂದು ಉಳಿದ ಔಷಧಿಯನ್ನು ಅಂದಾಜಿನ ಮೇಲೆ ಚುಚ್ಚಬಾರದು. ಇದರ ಔಷಧಿಗಳಲ್ಲಿ ಕೆಲವು ನಾಯಿಗೆ ಸ್ವಲ್ಪ ಹೆಚ್ಚಾದರೂ ನರಕ್ಕೆ ಏಟು ಕೊಡುತ್ತವೆ.

ಹೊಗೆಸೊಪ್ಪಿನ ಸೀಮೆಯವರಾದ ನಮ್ಮಲ್ಲಿ ಅದನ್ನು ಅಗಿದು ದನದ, ನಾಯಿಯ ಕಣ್ಣಿಗೆ ರಸ ಬಿಡುವ ಅಭ್ಯಾಸ ಇನ್ನೂ ಅಲ್ಲಲ್ಲಿ ಇದೆ. ಸುಣ್ಣ, ಉಪ್ಪು ಹಾಕುವವರೂ ಉಂಟು. ಇದು ಉರಿಯ ಮೇಲೆ ಉರಿ. ಮನೆಯಲ್ಲಿ ಯಾರದೋ ಕಣ್ಣಿಗೆ ತಂದ ಹನಿಯನ್ನು ಬಿಡುವುದೂ ಸಲ್ಲ, ಅದರಲ್ಲಿ ಸ್ಟಿರಾಯ್ಡ್ ಇದ್ದು ಕಾರ್ನಿಯಾದ ಮೇಲೆ ಹುಣ್ಣಿದ್ದರೆ ಕಣ್ಣೇ ತೂತಾಗಬಹುದು. ಆಸ್ಪತ್ರೆಗೆ ಹೋಗುವವರೆಗೆ ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಪಿಚ್ಚು ಒರೆಸಿದರೆ ಸಾಕು.

ನಿಜಕ್ಕೂ ದೃಷ್ಟಿ ಕಳೆದುಕೊಂಡ ನಾಯಿಯನ್ನು ಸಾಕುವುದು ಕಷ್ಟವೇನಲ್ಲ. ನೀರಿನ ಬೋಗುಣಿ, ಅನ್ನದ ತಟ್ಟೆ, ಮಲಗುವ ಗೋಣಿಯನ್ನು ಜಾಗ ಬದಲಿಸಬಾರದು. ತೆರೆದ ಬಾವಿಗೂ ಗೊಬ್ಬರದ ಗುಂಡಿಗೂ ಬೇಲಿ ಬೇಕು. ಮುಟ್ಟುವ ಮೊದಲು ಹೆಸರು ಹಿಡಿದು ಕರೆಯಬೇಕು, ಇಲ್ಲವಾದರೆ ಬೆಚ್ಚಿ ಕಚ್ಚೀತು. ಚಿರತೆಯ ಓಡಾಟವಿರುವ ಕಡೆ ಹೊತ್ತು ಮುಳುಗುವ ಮೊದಲೇ ಅದನ್ನು ಒಳಗೆ ಸೇರಿಸಿ ಬಾಗಿಲು ಹಾಕತಕ್ಕದ್ದು. ಹೊರಗೆ ಸರಪಳಿಯಲ್ಲಿ ಕಟ್ಟಿದ ಕುರುಡು ನಾಯಿಗೆ ಓಡಲೂ ದಾರಿಯಿರುವುದಿಲ್ಲ. ಒಳಗಿದ್ದುಕೊಂಡೇ ಅದು ಬೊಗಳಿ ಎಬ್ಬಿಸುತ್ತದೆ, ಅದರ ಕಿವಿ ಮೂಗು ಇನ್ನೂ ಚುರುಕಾಗಿಯೇ ಇರುತ್ತವೆ.